ತಂಪನ್ನು ಅಳೆಯುವ ಕೋಣೆ

ನಿವೃತ್ತಳಾದ ಮೇಲೆ ಒಮ್ಮೆ, ನಾನು ಕೆಲಸ ಮಾಡಿದ ಪರೀಕ್ಷಾಲಯದವರು ಹೊಸಬರಿಗೆ ಪಾಠ ಮಾಡಲು ಕರೆದಿದ್ದರು. ಒಂದು ಏಸಿ ಎಷ್ಟು ಕರೆಂಟು ತಿಂದು ಎಷ್ಟು ತಂಪು ಕೊಡುತ್ತದೆ ಎಂದು ಅಳೆಯುವುದು ಹೇಗೆ ಎಂಬುದು ವಿಷಯ. ಬೋರ್ಡಿನ ಮೇಲೆ ಚಿತ್ರ ಬರೆದು, ಲೆಕ್ಕ ವಿವರಿಸಿ, ಚಾಕ್‌ಪೀಸ್ ಕೆಳಗಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಮೇಡಂ, ಇಷ್ಟು ವರ್ಷ ಇದೇ ಕೆಲ್ಸ ಮಾಡಿದೀರಲ್ಲ, ಇದ್ರಿಂದ ಯಾರಿಗಾದ್ರೂ ಒಳ್ಳೇದಾಗಿದ್ದು ಕಣ್ಣಾರೆ ನೋಡಿದೀರಾ?” ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕು ಜಾರಿಕೊಂಡೆ. ಅವಳಿಗೆ ಉತ್ತರ ಬರೆಯೋಣವೆಂದು ಈಗ ಕೂತಿದ್ದೇನೆ. ಉತ್ತರ ಅವಳಿಗೆ ಹಿಡಿಸಲಿಕ್ಕಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ಪೀಣ್ಯದ ಒಂದು ಖಾಸಗಿ ಕಾರ್ಖಾನೆಯಲ್ಲಿ. ಅಲ್ಲಿ ಕಿಟಕಿಗೆ ಕೂರಿಸುವ ಏಸಿಗಳನ್ನು ಜೋಡಿಸುತ್ತಿದ್ದರು. ನಮ್ಮಪ್ಪ ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಅಪ್ಪನ ಕಾರ್ಖಾನೆಯಲ್ಲೇ ಸಿಗಬಹುದೆಂದು ಕಾದು, ಸಿಗದೆ ಇಲ್ಲಿಗೆ ಬಂದೆ. ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಯಿಂದ ನಡೆದೇ ಹೋಗಬಹುದಿತ್ತು. ದಾರಿಯುದ್ದಕ್ಕೂ ಶೆಡ್ಡುಗಳು, ಲೇತುಗಳ ಕಿರುಚಾಟ, ಕಾದ ಎಣ್ಣೆಯ ವಾಸನೆ. ಟೆಸ್ಟಿಂಗ್ ವಿಭಾಗಕ್ಕೆ ಹುಡುಗಿಯೊಬ್ಬಳು ಬಂದಿದ್ದಾಳೆಂದು ಮೊದಲ ವಾರ ಬೇರೆ ವಿಭಾಗದವರು ಏನೇನೋ ನೆಪ ಮಾಡಿಕೊಂಡು ಬಂದು ನೋಡಿ ಹೋದರು.

ವಿಭಾಗದ ಮುಖ್ಯಸ್ಥರು ವಾಸುದೇವಮೂರ್ತಿ ಸಾರ್. ತೆಳ್ಳಗೆ, ಎತ್ತರಕ್ಕೆ, ಸದಾ ಅರೆತೋಳಿನ ಬಿಳಿ ಷರಟು. ದೊಡ್ಡ ಸರ್ಕಾರಿ ಕಾರ್ಖಾನೆಯ ಭದ್ರವಾದ ನೌಕರಿ ಬಿಟ್ಟು ಇಲ್ಲಿಗೆ ಬಂದಿದ್ದರು. ಕಾರಣ ಒಂದೇ: ಏಸಿ ಪರೀಕ್ಷೆಯ ಕೋಣೆ ಕಟ್ಟಲು ಇಲ್ಲಿ ಅವರಿಗೆ ಅವಕಾಶ ಸಿಕ್ಕಿತ್ತು. ಆಗ ಅಂಥ ಕೋಣೆಗಳು ಬೆರಳೆಣಿಕೆಯಷ್ಟು. ಇವರು ಪುಸ್ತಕ ನೋಡಿ, ಪೀಣ್ಯದ ಬಡಗಿಗಳು, ವೆಲ್ಡರುಗಳು, ಟಿಂಕರ್ ಕೆಲಸದವರನ್ನು ಹಿಡಿದು ತಾವೇ ಕಟ್ಟಿಸಿದ್ದರು.

ನೋಡಲು ಅದು ದೊಡ್ಡ ಪೆಟ್ಟಿಗೆಯಂತಿತ್ತು. ಒಳಗೆ ಒಂದಕ್ಕೊಂದು ಅಂಟಿಕೊಂಡ ಎರಡು ಕೋಣೆ, ನಡುವೆ ಒಂದು ಗೋಡೆ. ಗೋಡೆಯಲ್ಲಿ ಕಿಟಕಿಯಷ್ಟು ತೂತು. ಪರೀಕ್ಷೆಗೆ ಬಂದ ಏಸಿಯನ್ನು ಆ ತೂತಿಗೆ ಕೂರಿಸಿದರೆ ಅದರ ಮುಖ ಒಂದು ಕೋಣೆಗೆ, ಬೆನ್ನು ಇನ್ನೊಂದಕ್ಕೆ. ಮುಖದ ಕಡೆಯದು ಮನೆಯ ಒಳಗು, ಬೆನ್ನಿನ ಕಡೆಯದು ಬಿಸಿಲಿನ ಹೊರಗು ಎಂದು ಲೆಕ್ಕ. ಹೊರಗಿನ ಕೋಣೆಯನ್ನು ಬೇಸಿಗೆಯ ಮಧ್ಯಾಹ್ನದಷ್ಟು ಕಾಯಿಸಿ ಹಾಗೇ ನಿಲ್ಲಿಸಬೇಕು.

ಮೊದಲ ದಿನ ಸಾರ್ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಏಸಿಯ ಎದುರಿಗೆ ಒಂದು ಹೀಟರು, ಪಕ್ಕದಲ್ಲಿ ಗಾಳಿಗೆ ತೇವ ಬೆರೆಸಲು ನೀರು ಕುದಿಸುವ ಪಾತ್ರೆ ಇದ್ದವು. ತಂಪು ಮಾಡುವ ಯಂತ್ರದ ಮುಂದೆ ಹೀಟರು ಯಾಕೆಂದು ಕೇಳಿದೆ.

“ತಂಪನ್ನ ನೇರವಾಗಿ ಅಳೆಯೋಕಾಗಲ್ಲಮ್ಮ ಸರಳಾ,” ಎಂದರು. “ಯಂತ್ರ ಕೋಣೇನ ತಂಪು ಮಾಡ್ತಾ ಹೋಗುತ್ತೆ. ನಾವು ಹೀಟರಿಂದ ಬಿಸಿ ಕೊಡ್ತಾ ಹೋಗ್ತೀವಿ. ಒಂದು ಹಂತದಲ್ಲಿ ಥರ್ಮಾಮೀಟರು ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಇಳಿಯಲ್ಲ. ಆಗ ಹೀಟರು ಎಷ್ಟು ಬಿಸಿ ಕೊಡ್ತಿದೆಯೋ, ಯಂತ್ರದ ತಂಪೂ ಅಷ್ಟೇ. ಅದನ್ನ ಯಂತ್ರ ತಿಂದ ಕರೆಂಟಿಂದ ಭಾಗಿಸು. ಬಂದ ಉತ್ತರವೇ ಅದರ ಯೋಗ್ಯತೆ.”

“ಇಷ್ಟೇನಾ ಸಾರ್?”

“ಇಷ್ಟೇ. ಇದನ್ನ ನೆಟ್ಟಗೆ ಮಾಡೋದಕ್ಕೆ ನಂಗೆ ನಾಲ್ಕು ವರ್ಷ ಬೇಕಾಯ್ತು.”

ಈಗ ಕಂಪ್ಯೂಟರು ತಾನೇ ಹೀಟರನ್ನು ಏರಿಸಿ ಇಳಿಸುತ್ತದೆ. ಆಗ ಕೈಯಿಂದ ತಿರುಗಿಸುವ ಗುಂಡಿ. ಥರ್ಮಾಮೀಟರು ಕೂದಲೆಳೆಯಷ್ಟು ಏರಿದರೆ ಗುಂಡಿ ಕೂದಲೆಳೆಯಷ್ಟು ಹಿಂದಕ್ಕೆ. ಸಮತೋಲ ಬರುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಇನ್ನೇನು ಬಂತು ಅನ್ನುವಾಗ ಪೀಣ್ಯದ ಕರೆಂಟು ಹೋಗುತ್ತಿತ್ತು. ಮರುದಿನ ಮೊದಲಿನಿಂದ. ತೇವ ಅಳೆಯುವ ಥರ್ಮಾಮೀಟರಿನ ತಲೆಗೆ ಒಂದು ಹತ್ತಿಯ ಬತ್ತಿ ಸುತ್ತಿರುತ್ತಿತ್ತು. ಅದಕ್ಕೆ ಬೋರ್‌ವೆಲ್ ನೀರು ಹಾಕಿದರೆ ಸುಣ್ಣ ಕಟ್ಟಿ ಅಳತೆಯೆಲ್ಲ ಹಾಳು. ಸಾರ್ ಆ ಬತ್ತಿಯನ್ನು ತಾವೇ ಬದಲಾಯಿಸುತ್ತಿದ್ದರು, ಬೇರೆ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ.

ಅವರು ಎಂಥವರೆಂದು ತಿಳಿಯಲು ಒಂದು ಡಿಸೆಂಬರಿನ ಕಥೆ ಸಾಕು. ಕಾರ್ಖಾನೆ ಹೊಸ ಮಾದರಿಯೊಂದನ್ನು ತಂದಿತ್ತು. ಪರೀಕ್ಷೆಯಲ್ಲಿ ಅದು ನಾವು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ತಂಪು ಕೊಟ್ಟಿತು. ಜನರಲ್ ಮ್ಯಾನೇಜರ್ ದಿವಾಕರ್ ಸ್ವತಃ ಬಂದು ಮೂರ್ತಿ ಸಾರ್ ಕೈ ಕುಲುಕಿ, ಇಡೀ ವಿಭಾಗಕ್ಕೆ ಮೈಸೂರುಪಾಕು ಹಂಚಿಸಿದರು. ಸಾರ್ ಮೈಸೂರುಪಾಕು ತಿನ್ನಲಿಲ್ಲ. “ಇಷ್ಟು ಬರೋಕೆ ಸಾಧ್ಯ ಇಲ್ಲ ಕಣಮ್ಮ,” ಎಂದು ಗೊಣಗುತ್ತಾ ಕೋಣೆಯನ್ನು ಸುತ್ತು ಹಾಕಿದರು. ಕೊನೆಗೆ ಹೊರಗೋಡೆಯ ಪ್ಲೈವುಡ್ ಹಲಗೆಗಳನ್ನು ಬಿಚ್ಚಿಸಿದರು. ಬಿಸಿ ಸೋರದಂತೆ ಒಳಗೆ ತುಂಬಿದ್ದ ಥರ್ಮೊಕೋಲನ್ನು ಇಲಿಗಳು ತಿಂದು ಗೂಡು ಮಾಡಿಕೊಂಡಿದ್ದವು. ಚಳಿಗಾಲದ ಬೆಳಗ್ಗೆ, ಕೋಣೆಯೊಳಗಿನ ಬಿಸಿ ಆ ತೂತುಗಳಿಂದ ಹೊರಗಿನ ತಣ್ಣನೆಯ ಶೆಡ್ಡಿಗೆ ಸೋರುತ್ತಿತ್ತು. ಸೋರಿದ್ದನ್ನು ತುಂಬಲು ಹೀಟರು ಹೆಚ್ಚು ದುಡಿಯುತ್ತಿತ್ತು. ನಾವು ಅದನ್ನೂ ಯಂತ್ರದ ತಂಪೆಂದು ಲೆಕ್ಕ ಹಾಕಿದ್ದೆವು.

ಸಾರ್ ಅದೇ ಗಳಿಗೆ ದಿವಾಕರ್ ಅವರ ಕ್ಯಾಬಿನ್ನಿಗೆ ಹೋಗಿ ಫಲಿತಾಂಶ ವಾಪಸು ಪಡೆದರು. ವಾಪಸು ಬಂದಾಗ ಮುಖ ಕೆಂಪಗಾಗಿತ್ತು. “ಸ್ವಲ್ಪ ದಿನ ಸುಮ್ಮನಿರಬಾರದಿತ್ತಾ ಅಂತ ಕೇಳಿದ್ರು,” ಎಂದಷ್ಟೇ ಹೇಳಿದರು. ಆಗ ನನಗೆ ಅವರ ಮೇಲೆ ಹೆಮ್ಮೆಯಾಯಿತು. ಅದು ಅವರ ವಿರುದ್ಧ ಬಿದ್ದ ಮೊದಲ ಗುರುತು ಎಂದು ತಿಳಿಯಲು ನನಗೆ ಇನ್ನೂ ಅನುಭವ ಸಾಲದಾಗಿತ್ತು.

ಎಂಬತ್ತರ ದಶಕ ಶುರುವಾದಂತೆ ಕರೆಂಟಿನ ಅಭಾವ ಹೆಚ್ಚಿತು. ಕೊಳ್ಳುವವರು ಬರಿಯ ಟನ್, ಅಂದರೆ ಎಷ್ಟು ತಂಪು ಮಾಡುತ್ತದೆ ಎಂದು, ಕೇಳುವುದು ಬಿಟ್ಟು, ಎಷ್ಟು ವ್ಯಾಟ್ ತಿನ್ನುತ್ತದೆ ಎಂದು ಕೇಳತೊಡಗಿದರು. ನಮ್ಮ ಕೆಲಸಕ್ಕೆ ಒಮ್ಮೆಲೇ ಬೆಲೆ ಬಂತು. ಅದೇ ನಮ್ಮ ಕೆಡುಗಾಲವೂ ಆಯಿತು.

ಪರೀಕ್ಷೆಗೆಂದು ಕಳಿಸುವ ಮಾದರಿ ಯಂತ್ರವನ್ನು ವಿದೇಶಿ ಕಂಪ್ರೆಸರ್ ಹಾಕಿ, ಬೆನ್ನಿನ ಕಡೆ ಧಾರಾಳವಾಗಿ ತಾಮ್ರದ ಕೊಳವೆ ಸುತ್ತಿ ಮಾಡಿರುತ್ತಿದ್ದರು. ನಮ್ಮ ಕೋಣೆಯಲ್ಲಿ ಅದು ಒಳ್ಳೆಯ ಅಂಕ ಪಡೆಯುತ್ತಿತ್ತು. ಆ ಅಂಕವೇ ಯಂತ್ರದ ಬೆನ್ನಿಗೆ ಬಡಿಯುವ ತಗಡಿನ ಮೇಲೆ ಹೋಗುತ್ತಿತ್ತು. ಆದರೆ ಅಸೆಂಬ್ಲಿಯಲ್ಲಿ ತಯಾರಾಗಿ ಲಾರಿ ಹತ್ತುವ ಯಂತ್ರಗಳೇ ಬೇರೆ. ತಾಮ್ರ ಕಡಿಮೆ, ಕೊಳವೆ ಸುತ್ತಿದ ಕಾಯಿಲ್ ಚಿಕ್ಕದು. ಬಿಸಿಯನ್ನು ಹೊರಗೆ ದೂಡಲು ಕಂಪ್ರೆಸರ್ ಏದುಸಿರು ಬಿಡಬೇಕು, ಹೆಚ್ಚು ಕರೆಂಟು ಎಳೆಯಬೇಕು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಗೇಟಿನ ಬಳಿಯ ಟೀ ಅಂಗಡಿಯಲ್ಲೂ ಜನ ಇದನ್ನು ಮಾತಾಡಿಕೊಳ್ಳುತ್ತಿದ್ದರು.

ಮೂರ್ತಿ ಸಾರ್ ಪ್ಯಾಕಿಂಗ್ ವಿಭಾಗದಿಂದ ತಮಗೆ ಬೇಕಾದ ಯಂತ್ರವನ್ನು ಎತ್ತಿಕೊಂಡು ಬಂದು ಪರೀಕ್ಷಿಸಲು ಶುರು ಮಾಡಿದರು. ತಗಡಿನ ಮೇಲಿದ್ದದ್ದಕ್ಕೂ ನಮಗೆ ಸಿಕ್ಕಿದ್ದಕ್ಕೂ ತಾಳೆಯೇ ಇಲ್ಲ. ದಿವಾಕರ್ ನಮ್ಮಿಬ್ಬರನ್ನೂ ಕರೆಸಿದರು. ಅವರು ಕೆಟ್ಟ ಮನುಷ್ಯರೇನಲ್ಲ. ಕಾರ್ಮಿಕರ ಮಕ್ಕಳಿಗೆ ಶಾಲೆಯ ಸೀಟು ಕೊಡಿಸಲು ತಾವೇ ಓಡಾಡುತ್ತಿದ್ದವರು.

“ಮೂರ್ತಿ, ನೀವು ಹೇಳೋದು ಸರಿ. ನಾನು ಇಲ್ಲ ಅನ್ನಲ್ಲ,” ಎಂದರು. “ಆದ್ರೆ ಎಲ್ಲಾ ಕಂಪನಿಯವರೂ ಮಾದರಿ ಯಂತ್ರದ ಅಂಕಾನೇ ಹಾಕೋದು. ನಾವೊಬ್ಬರೇ ನಿಜ ಹಾಕಿದ್ರೆ ಕೊಳ್ಳೋರು ಏನಂತಾರೆ? ಇವರದ್ದೇ ಎಲ್ಲಕ್ಕಿಂತ ಕೆಟ್ಟದ್ದು ಅಂತಾರೆ. ಈ ಶೆಡ್ಡಿಗೆ ಬೀಗ ಹಾಕ್ಬೇಕಾಗುತ್ತೆ.”

“ಹಾಗಾದ್ರೆ ಯಂತ್ರಾನೇ ಸರಿ ಮಾಡೋಣ ಸಾರ್,” ಎಂದರು ಮೂರ್ತಿ ಸಾರ್.

“ಈ ರೇಟಲ್ಲಿ ತಾಮ್ರ ಎಲ್ಲಿಂದ ತರ್ಲಿ?”

ಆ ಪ್ರಶ್ನೆಯನ್ನು ನಾನು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಸಾರ್ ಹೊಸ ತಗಡಿನ ಅಂಕಗಳಿಗೆ ಸಹಿ ಹಾಕಲಿಲ್ಲ. ಬೇರೆಯವರು ಹಾಕಿದರು. ತಿಂಗಳೊಳಗೆ ಸಾರ್ ಅವರನ್ನು ಟೆಸ್ಟಿಂಗ್‌ನಿಂದ ತೆಗೆದು, ಗಿರಾಕಿಗಳ ದೂರು ವಿಚಾರಿಸುವ ಸರ್ವಿಸ್ ವಿಭಾಗಕ್ಕೆ ಹಾಕಿದರು. ಕೋಣೆಯ ಜವಾಬ್ದಾರಿ ನನ್ನ ಮೇಲೆ ಬಿತ್ತು. ಕಾರ್ಖಾನೆಯಲ್ಲಿ ಯಾರೂ ಸಾರ್ ಪರ ಬಾಯಿ ಬಿಡಲಿಲ್ಲ. ಅಸೆಂಬ್ಲಿಯ ಮೇಸ್ತ್ರಿ ಅಂತೋಣಿ ನನಗೆ ಮುಖದ ಮೇಲೇ ಹೇಳಿದ: “ನಿಮ್ ಸಾರು ದೊಡ್ಡ ಮನುಷ್ಯ, ಒಪ್ಕೋತೀನಿ. ಆದ್ರೆ ಆರ್ಡರ್ ಹೋದ್ರೆ ಮೊದ್ಲು ಮನೆಗೆ ಹೋಗೋರು ನಾವು ಮೇಡಂ. ಅವರಲ್ಲ.” ಅವನ ಮಾತಿನಲ್ಲೂ ಸುಳ್ಳಿರಲಿಲ್ಲ.

ಈಗ ಆಸ್ಪತ್ರೆಯ ವಿಷಯಕ್ಕೆ ಬರುತ್ತೇನೆ.

ವೈಟ್‌ಫೀಲ್ಡ್ ಕಡೆ ಒಂದು ಟ್ರಸ್ಟಿನ ಹೆರಿಗೆ ಆಸ್ಪತ್ರೆಯಿತ್ತು. ಆಗ ಆ ಕಡೆಯೆಲ್ಲ ರಾಗಿ ಹೊಲ, ದ್ರಾಕ್ಷಿ ತೋಟ, ನಡುನಡುವೆ ಕಾರ್ಖಾನೆಗಳು. ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ಅದೊಂದೇ ಆಸರೆ. ಆಪರೇಷನ್ ಥಿಯೇಟರಿಗೂ ಪಕ್ಕದ ವಾರ್ಡಿಗೂ ನಮ್ಮ ಏಸಿ ಕೊಂಡಿದ್ದರು. ಆಸ್ಪತ್ರೆಗೆ ವಿದ್ಯುತ್ ಇಲಾಖೆ ಮಂಜೂರು ಮಾಡಿದ ಕರೆಂಟೇ ಕಡಿಮೆ. ನಮ್ಮ ತಗಡಿನ ಮೇಲಿನ ವ್ಯಾಟ್ ಕೂಡಿಸಿ, ಇಷ್ಟಾದರೆ ತಡೆಯುತ್ತದೆ ಎಂದು ಲೆಕ್ಕ ಹಾಕಿ ನಮ್ಮ ಮಾದರಿಯನ್ನೇ ಆರಿಸಿದ್ದರು. ಬೇಸಿಗೆ ಶುರುವಾದದ್ದೇ ತಡ, ಫ್ಯೂಸು ಹೋಗಲು ಶುರುವಾಯಿತು.

ದೂರು ಸರ್ವಿಸ್ ವಿಭಾಗಕ್ಕೆ, ಅಂದರೆ ಮೂರ್ತಿ ಸಾರ್ ಮೇಜಿಗೆ ಬಂತು. ಅಳತೆಗೆ ಜೊತೆ ಬೇಕೆಂದು ಅವರು ನನ್ನನ್ನೂ ಕರೆದುಕೊಂಡು ಹೋದರು. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಮುನಿರಾಜು ನಮಗಾಗಿ ಗೇಟಿನಲ್ಲೇ ಕಾಯುತ್ತಿದ್ದ. ಪಕ್ಕದ ದೊಡ್ಡನೆಕ್ಕುಂದಿಯವನು. ಮೂವತ್ತು ದಾಟಿರದ ಗಟ್ಟಿ ಆಳು. ಮನೆಯವರು ತಲೆತಲಾಂತರದಿಂದ ಅಲ್ಲೇ ಬೇಸಾಯ ಮಾಡಿಕೊಂಡಿದ್ದವರು. ಜಮೀನು ಕಾರ್ಖಾನೆಗಳಿಗೆ ಹೋದ ಮೇಲೆ ಇವನು ಐಟಿಐ ಓದಿ ಈ ಕೆಲಸಕ್ಕೆ ಸೇರಿದ್ದ. ಇಡೀ ಊರಿಗೆ ಅವನೇ ‘ಕರೆಂಟು ಮುನಿರಾಜು’.

“ಏನ್ಮಾಡಾದು ಸಾರ್, ದಿನಾ ಫೀಸೋಯ್ತದೆ,” ಎಂದ. “ಡಾಕ್ಟ್ರಮ್ಮ ಒಳಗೆ ಒಟ್ಟೆ ಕುಯ್ದು ನಿಂತಿರ್ತಾರೆ, ಲೈಟೋಯ್ತದೆ. ನಾನು ಓಡ್ಬೇಕು. ಜೀವ ಬಾಯಿಗೆ ಬಂದಂಗಾಯ್ತದೆ.”

ಸಾರ್ ತಂತಿಗೆ ಟಾಂಗ್ ಟೆಸ್ಟರ್ ಹಾಕಿ ಕರೆಂಟು ಅಳೆದರು. ತಗಡು ಹೇಳುವುದಕ್ಕಿಂತ ಬಹಳ ಹೆಚ್ಚು. ಇನ್ನೊಂದು ಯಂತ್ರ, ಮತ್ತೊಂದು ಯಂತ್ರ, ಎಲ್ಲವೂ ಹಾಗೇ. ಆಸ್ಪತ್ರೆಯ ಮುಖ್ಯಸ್ಥೆ ಡಾಕ್ಟರ್ ವತ್ಸಲಾ ಅವರ ಮುಂದೆ ಕೂತು ಸಾರ್ ನೇರವಾಗಿ ಹೇಳಿದರು: “ಡಾಕ್ಟ್ರೇ, ಈ ಯಂತ್ರಗಳ ಮೇಲೆ ಬರೆದಿರೋದು ಸರಿಯಿಲ್ಲ. ನಾನು ಬದಲಾಯಿಸೋಕೆ ನೋಡ್ತೀನಿ. ಅಲ್ಲೀವರೆಗೂ ದಯವಿಟ್ಟು ಎಲ್ಲಾ ಒಟ್ಟಿಗೆ ಹಾಕ್ಬೇಡಿ.”

“ನಿಮ್ಮ ಕಂಪನಿಯವರೇ ಬಂದು ಹೀಗೆ ಹೇಳಿದ್ದು ನಾನೆಲ್ಲೂ ಕೇಳಿಲ್ಲ,” ಎಂದರು ಡಾಕ್ಟರು.

ಅವರು ಕಂಪನಿಗೆ ಬರೆದರು. ಕಂಪನಿ ಉತ್ತರಿಸಿತು: ನಿಮ್ಮಲ್ಲಿ ವೋಲ್ಟೇಜ್ ಕಡಿಮೆ, ವೈರಿಂಗ್ ಹಳೆಯದು, ಫಿಲ್ಟರಿನಲ್ಲಿ ಧೂಳು, ಅದಕ್ಕೇ ಹೆಚ್ಚು ಕರೆಂಟು ಹೋಗುತ್ತಿದೆ. ಇದೂ ಪೂರ್ತಿ ಸುಳ್ಳಾಗಿರಲಿಲ್ಲ. ವೋಲ್ಟೇಜ್ ಕಡಿಮೆಯಿತ್ತು, ವೈರಿಂಗ್ ಹಳೆಯದೇ. ಈ ವೃತ್ತಿಯಲ್ಲಿ ನಿಮ್ಮನ್ನು ಸೋಲಿಸುವುದು ಇಂಥ ಅರ್ಧ ನಿಜಗಳು. ಅವಕ್ಕೆ ಎದುರು ವಾದಿಸಲು ಹೋದರೆ ನೀವೇ ಹಟಮಾರಿಯಂತೆ ಕಾಣುತ್ತೀರಿ. ಯಂತ್ರ ಬದಲಾಯಿಸಿ ಎಂದು ಸಾರ್ ಕ್ಯಾಬಿನ್ನಿನಿಂದ ಕ್ಯಾಬಿನ್ನಿಗೆ ಅಲೆದರು. ನಾನೂ ಹೋಗಿ ಹೇಳಿದೆ. “ಆ ಮಾದರೀದು ಯಾವುದನ್ನ ಕೊಟ್ರೂ ಅಷ್ಟೇ ಅಲ್ವೇನ್ರೀ?” ಎಂದು ದಿವಾಕರ್ ಕೇಳಿದರು.

ಏಪ್ರಿಲ್‌ನಲ್ಲಿ ಸೆಖೆ ತಡೆಯಲಾಗದಷ್ಟಾಯಿತು. ಆಸ್ಪತ್ರೆಯಲ್ಲಿ ಹೆರಿಗೆಗಳು ಹೆಚ್ಚಿದ್ದವು. ಸಿಸೇರಿಯನ್ ಆದವರ ಹೊಲಿಗೆ ಬೆವರಿಗೆ ಕೀವಾಗತೊಡಗಿದಾಗ ವಾರ್ಡಿನ ಏಸಿಯನ್ನೂ ಹಾಕಲೇಬೇಕಾಯಿತು. ಫ್ಯೂಸು ಮತ್ತೆ ಮತ್ತೆ ಹೋಯಿತು. ಮುನಿರಾಜು ಫ್ಯೂಸಿಗೆ ಹಾಕುವ ಸಣ್ಣ ತಂತಿಯ ಬದಲು ದಪ್ಪ ತಂತಿ ಹಾಕಿದ. ಎಲ್ಲರಿಗೂ ಗೊತ್ತಿತ್ತು. ಲೈಟು ಹೋಗುವುದು ನಿಂತಿತಲ್ಲ ಎಂದು ಎಲ್ಲರೂ ನೆಮ್ಮದಿಯಾದರು. ಆದರೆ ಕರಗಬೇಕಾದ ತಂತಿ ಕರಗದಿದ್ದಾಗ ಬೇರೇನೋ ಕರಗಲೇಬೇಕು. ಒಂದು ಮಧ್ಯಾಹ್ನ ಥಿಯೇಟರಿನಲ್ಲಿ ಆಪರೇಷನ್ ನಡೆಯುತ್ತಿದ್ದಾಗ ಹೊರಗಿನ ಪ್ಯಾನಲ್ ಬೋರ್ಡ್ ಹೊತ್ತಿಕೊಂಡಿತು.

ನಡೆದದ್ದನ್ನು ನಮಗೆ ಆಮೇಲೆ ಡಾಕ್ಟರ್ ವತ್ಸಲಾ ಹೇಳಿದರು. ಹೊಗೆ ತುಂಬಿದಾಗ ಆಯಾಗಳು ಬಾಣಂತಿಯರನ್ನು ಹಾಸಿಗೆ ಸಮೇತ ಎಳೆದು ಹೊರಗೆ ತಂದರು. ಡಾಕ್ಟರು ಕಿಟಕಿ ತೆಗೆಸಿ, ಆ ಬೆಳಕಿನಲ್ಲೇ ಹೊಲಿಗೆ ಮುಗಿಸಿದರು. ತಾಯಿ, ಮಗು ಇಬ್ಬರೂ ಉಳಿದರು. ಮೇನ್ ಸ್ವಿಚ್ಚಿನ ಹಿಡಿ ಕಾದು ಅಂಟಿಕೊಂಡಿತ್ತು. ಮುನಿರಾಜು ಗೋಣಿಚೀಲ ಸುತ್ತಿಕೊಂಡು ಅದನ್ನು ಹಿಡಿದು ಎಳೆದ. ಬರಲಿಲ್ಲ. ಬಿಡದೆ ಎಳೆದ. ಸ್ವಿಚ್ಚು ಕೆಳಗೆ ಬರುವ ಹೊತ್ತಿಗೆ ಗೋಣಿಚೀಲ ಹೊತ್ತಿ, ಎರಡು ಕೈಯೂ ಸುಟ್ಟು ಹೋಗಿದ್ದವು.

ತನಿಖೆಗೆ ಸರ್ಕಾರದ ಕಡೆಯಿಂದ ಒಬ್ಬ ಇನ್ಸ್‌ಪೆಕ್ಟರ್ ಬಂದರು. ಸುಟ್ಟ ಬೋರ್ಡಿನಲ್ಲಿ ದಪ್ಪ ತಂತಿಯ ಚೂರು ಸಿಕ್ಕಿತು. ಮೂರ್ತಿ ಸಾರ್ ಅವರೆದುರು ನಿಂತು, ಯಂತ್ರಗಳು ತಗಡಿನಲ್ಲಿರುವುದಕ್ಕಿಂತ ಹೆಚ್ಚು ಎಳೆಯುತ್ತಿದ್ದವು, ನಾನೇ ಅಳೆದಿದ್ದೇನೆ ಎಂದರು. “ಸರಿ, ನಿಮ್ಮ ಕಾರ್ಖಾನೇಲೇ ಪರೀಕ್ಷಾ ಕೋಣೆ ಇದೆಯಂತಲ್ಲ, ನನ್ನೆದುರಿಗೆ ಪರೀಕ್ಷೆ ಮಾಡಿ,” ಎಂದರು ಇನ್ಸ್‌ಪೆಕ್ಟರು.

ಆ ಪರೀಕ್ಷೆ ಮಾಡಬೇಕಾದವಳು ನಾನು.

ಬೆಳಗ್ಗೆ ಹೋದಾಗ ಗೋಡೆಯ ತೂತಿಗೆ ಆಗಲೇ ಒಂದು ಯಂತ್ರ ಕೂರಿಸಿದ್ದರು. ಬೆನ್ನಿನ ಕಡೆ ಹೋಗಿ ನೋಡಿದೆ. ದೊಡ್ಡ ಕಾಯಿಲ್, ತುಂಬು ತಾಮ್ರ. ಮಾದರಿ ಯಂತ್ರ. ನಾನು ಹೊರಗೆ ಬಂದು, ದಿವಾಕರ್ ಪಕ್ಕದಲ್ಲೇ ಇದ್ದರೂ, ಇನ್ಸ್‌ಪೆಕ್ಟರಿಗೆ ಹೇಳಿದೆ: “ಸಾರ್, ಇದು ಆಸ್ಪತ್ರೇಲಿದ್ದ ಯಂತ್ರ ಅಲ್ಲ. ಅಂಥದ್ದೂ ಅಲ್ಲ. ಅಲ್ಲಿಂದಲೇ ತರಿಸಿ ಪರೀಕ್ಷೆ ಮಾಡ್ಬೇಕು.”

ಇನ್ಸ್‌ಪೆಕ್ಟರು ದಿವಾಕರ್ ಕಡೆ ನೋಡಿದರು. ದಿವಾಕರ್ ಶಾಂತವಾಗಿಯೇ, “ಅಲ್ಲಿನವು ಹೊಗೆ ಹಿಡಿದು, ಬೆಂಕಿ ಆರಿಸೋರ ನೀರು ಕುಡಿದು ಕೂತಿವೆ ಸಾರ್. ಕೆಟ್ಟ ಯಂತ್ರ ಪರೀಕ್ಷೆ ಮಾಡಿದ್ರೆ ಕೆಟ್ಟ ಉತ್ತರಾನೇ ಬರುತ್ತೆ. ಇದೂ ಅದೇ ಮಾದರಿ, ಅದೇ ಹೆಸರು,” ಎಂದರು.

“ಹಾಗಾದ್ರೆ ಪ್ಯಾಕಿಂಗ್‌ನಿಂದ ಒಂದು ತರೋಣ ಸಾರ್,” ಎಂದೆ.

“ಆ ಮಾದರಿ ಈಗ ಸ್ಟಾಕಿಲ್ಲ,” ಎಂದರು ದಿವಾಕರ್.

ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು. “ನೋಡಮ್ಮ, ಫ್ಯೂಸಲ್ಲಿ ದಪ್ಪ ತಂತಿ ಇದ್ದಿದ್ದು ನಾನೇ ಕಂಡಿದೀನಿ. ಇದು ಹೆಚ್ಚಿನ ಖಾತ್ರಿಗೆ ಅಷ್ಟೇ. ಶುರು ಮಾಡಿ.”

ನಾನು ಮಾಡುವುದಿಲ್ಲ ಎಂದೆ. ಆಗ, ಪರೀಕ್ಷೆ ನೋಡಲು ಬಂದಿದ್ದ ಮೂರ್ತಿ ಸಾರ್ ನನ್ನನ್ನು ಪಕ್ಕಕ್ಕೆ ಕರೆದರು. “ನೀನು ಬಿಟ್ರೆ ಬೇರೆ ಯಾರಾದ್ರೂ ಮಾಡ್ತಾರೆ. ಅವರು ಕೈವಾಡ ಮಾಡಿದ್ರೆ ಈ ಕೋಣೆ ಹೆಸರೂ ಹೋಗುತ್ತೆ. ಮಾಡಮ್ಮ. ನೆಟ್ಟಗೆ ಮಾಡು,” ಎಂದರು.

ಮಾಡಿದೆವು. ಬತ್ತಿಯನ್ನು ಸಾರ್ ಬದಲಾಯಿಸಿದರು, ಗುಂಡಿ ನಾನು ತಿರುಗಿಸಿದೆ. ಆ ದಿನ ಕರೆಂಟು ಸಹ ಹೋಗಲಿಲ್ಲ. ಅಷ್ಟು ಸ್ಥಿರವಾದ ಸಮತೋಲ ಆ ಕೋಣೆಯಲ್ಲಿ ನಾನು ಹಿಂದೆ ಕಂಡಿರಲಿಲ್ಲ. ಥರ್ಮಾಮೀಟರಿನ ಪಾದರಸ ಗೆರೆ ಬಿಟ್ಟು ಅಲುಗಲಿಲ್ಲ. ಉತ್ತರ ತಗಡಿನ ಮೇಲಿದ್ದ ಅಂಕಕ್ಕೆ ಸರಿಯಾಗಿ ಹೊಂದಿತು. ಇನ್ಸ್‌ಪೆಕ್ಟರು ಮೆಚ್ಚಿಕೊಂಡು, “ಇಷ್ಟು ಅಚ್ಚುಕಟ್ಟಾದ ಕೋಣೆ ನಾನು ನೋಡಿರಲಿಲ್ಲ,” ಎಂದು ಮೂರ್ತಿ ಸಾರ್ ಕೈ ಕುಲುಕಿದರು. ತಮ್ಮ ಆಯುಷ್ಯವನ್ನೆಲ್ಲ ಸುರಿದು ಕಟ್ಟಿದ ಕೋಣೆ ನಿಖರವಾಗಿ ಕೆಲಸ ಮಾಡಿತ್ತು. ಆ ನಿಖರತೆಯೇ ಮುನಿರಾಜುವಿನ ಕೊರಳಿಗೆ ಬಿತ್ತು. ಎಲೆಕ್ಟ್ರಿಷಿಯನ್ನನ ಅಜಾಗರೂಕತೆ ಎಂದು ತನಿಖೆ ಮುಗಿಯಿತು.

ಸಾರ್ ಮತ್ತು ನಾನು ಮುನಿರಾಜುವನ್ನು ನೋಡಲು ಹೋದೆವು. ಅದೇ ಆಸ್ಪತ್ರೆಯ ಹಿಂಬದಿಯ ಒಂದು ಕೋಣೆಯಲ್ಲಿ ಮಲಗಿಸಿದ್ದರು. ಎರಡು ಕೈಗೂ ಮೊಣಕೈವರೆಗೆ ಬ್ಯಾಂಡೇಜು. ಹೆಂಡತಿ ರತ್ನಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಅವನು ಎದ್ದು ಕೂರಲು ನೋಡಿದ.

“ಒಳಗೆ ಬಾಣಂತೇರಿದ್ರು ಸಾರ್,” ಎಂದ. “ನಾನು ದಪ್ಪ ತಂತಿ ಆಕ್ಬಾರ್ದಿತ್ತು.”

ಸಾರ್ ಮಂಚದ ಅಂಚಿನಲ್ಲಿ ಕೂತು, “ಮುನಿರಾಜು, ಕೇಳಿಲ್ಲಿ. ನಿನ್ನದೊಂದೇ ತಪ್ಪಲ್ಲಪ್ಪ. ಆ ಯಂತ್ರ...” ಎಂದು ಶುರು ಮಾಡಿದರು. ರತ್ನಮ್ಮ ಬಟ್ಟಲು ಕೆಳಗಿಟ್ಟು ಸಾರ್ ಕಾಲು ಹಿಡಿದುಕೊಂಡಳು.

“ಬ್ಯಾಡಿ ಸಾಮಿ, ಏನೂ ಏಳ್ಬೇಡಿ. ತಪ್ಪಾಯ್ತು ಅಂತ ಒಪ್ಕೊಂಡವ್ರೆ. ಒಪ್ಕೊಂಡ್ರೆ ಕೈ ವಾಸಿ ಆಗೋಗಂಟ ಇಲ್ಲೇ ಇಟ್ಕೊತೀವಿ ಅಂದವ್ರೆ ಟ್ರಸ್ಟ್‌ನೋರು. ಈಗ ನೀವೇನಾದ್ರೂ ಏಳಿ, ಇವ್ರು ಎದುರು ಮಾತಾಡಿ, ಒರಗಾಕಿದ್ರೆ ಎಲ್ಲಿಗೋಗಾನ?”

ಸಾರ್ ಮಾತನ್ನು ಅಲ್ಲಿಗೇ ಬಿಟ್ಟು, ಅವಳನ್ನು ಎಬ್ಬಿಸಿ ಗಂಜಿಯ ಬಟ್ಟಲನ್ನು ಕೈಗೆ ಕೊಟ್ಟರು. ನಾವು ಎದ್ದು ಬಂದೆವು. ವಾಪಸು ಬರುವಾಗ ಬಸ್ಸಿನಲ್ಲಿ ಸಾರ್ ಕಣ್ಣೀರು ಒರೆಸಿಕೊಳ್ಳುವುದನ್ನು ನಾನು ಕಿಟಕಿಯ ಗಾಜಿನಲ್ಲಿ ಕಂಡೆ.

ಬೇಸಿಗೆ ಮುಗಿಯುವುದರೊಳಗೆ ಅವರು ರಾಜೀನಾಮೆ ಕೊಟ್ಟು ಚಿಕ್ಕಬಾಣಾವರದ ತಮ್ಮ ಮನೆ ಸೇರಿದರು. ಒಂದೆರಡು ಸಲ ಹೋಗಿದ್ದೆ. ಹೊಸ ಯಂತ್ರಗಳ ವಿಷಯ ತೆಗೆದರೆ, “ಬೇರೆ ಮಾತಾಡಮ್ಮ,” ಎನ್ನುತ್ತಿದ್ದರು. ಆಸ್ಪತ್ರೆಯವರು ಬೋರ್ಡು ರಿಪೇರಿ ಮಾಡಿಸಿ ಮತ್ತೆ ನಮ್ಮ ಯಂತ್ರಗಳನ್ನೇ ತರಿಸಿಕೊಂಡರು. ಪರೀಕ್ಷೆಯಲ್ಲಿ ಪಾಸಾದ ಮಾದರಿ ಎಂದು ಟ್ರಸ್ಟಿನವರಿಗೆ ಭರವಸೆ ಬಂದಿತ್ತು. ಡಾಕ್ಟರ್ ವತ್ಸಲಾ ಬೇಡವೆಂದರೂ ಕೇಳಲಿಲ್ಲವಂತೆ. ಪ್ಯಾಕ್ ಆಗಿ ಲಾರಿ ಹತ್ತಿದ್ದನ್ನು ನಾನೇ ನೋಡಿದೆ. ಚಿಕ್ಕ ಕಾಯಿಲ್‌ನವೇ. ಕೆಲವು ವರ್ಷಕ್ಕೆ ಕಾರ್ಖಾನೆಗೆ ಬೀಗ ಬಿತ್ತು. ಯಾವುದನ್ನು ಉಳಿಸಲು ಇಷ್ಟೆಲ್ಲ ಮಾಡಿದರೋ ಅದೂ ಉಳಿಯಲಿಲ್ಲ. ಅಂತೋಣಿ ಹೇಳಿದಂತೆ ಮೊದಲು ಮನೆಗೆ ಹೋದವರು ಅಸೆಂಬ್ಲಿಯವರೇ. ನನಗೆ ಬೇರೆಡೆ ಪರೀಕ್ಷಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಗುಂಡಿಯ ಜಾಗಕ್ಕೆ ಪೆನ್ನಿನಿಂದ ತಾನೇ ಗೆರೆ ಎಳೆಯುವ ಯಂತ್ರ ಬಂತು, ಆಮೇಲೆ ಕಂಪ್ಯೂಟರು, ಬಹಳ ವರ್ಷಗಳ ಮೇಲೆ, ಯಂತ್ರ ಎಷ್ಟು ಕರೆಂಟು ಉಳಿಸುತ್ತದೆಂದು ತೋರಿಸುವ ನಕ್ಷತ್ರದ ಚೀಟಿ. ಪರೀಕ್ಷೆಗೆ ಬಂದ ಪ್ರತಿ ಯಂತ್ರದ ಬೆನ್ನನ್ನೂ ನಾನು ಮೊದಲು ಬಗ್ಗಿ ನೋಡುತ್ತಿದ್ದೆ. ಇದನ್ನು ಎಲ್ಲಿಂದ ಎತ್ತಿಕೊಂಡು ಬಂದಿರಿ, ಯಾರು ಆರಿಸಿದರು ಎಂದು ಕೇಳುತ್ತಿದ್ದೆ. ನಿಮ್ಮಂಥ ಹೊಸಬರಿಗೆ ಕಲಿಸಬಹುದಾದದ್ದು ನನ್ನಲ್ಲಿ ಇದೊಂದೇ. ಅಳೆಯುವುದನ್ನು ಯಾರಾದರೂ ಕಲಿಸುತ್ತಾರೆ. ಅಳೆಯಲು ಏನನ್ನು ತಂದಿಟ್ಟಿದ್ದಾರೆ ಎಂದು ಕೇಳುವುದನ್ನು ಕಲಿಸುವುದಿಲ್ಲ. ಕೇಳಿದರೆ ಏನಾದರೂ ಬದಲಾಗುತ್ತದೆ ಎಂಬ ಆಸೆಯನ್ನು ಮಾತ್ರ ನಾನು ಕೊಡಲಾರೆ.

ಮುನಿರಾಜುವನ್ನು ನಾನು ಇನ್ನೊಮ್ಮೆ ಕಂಡೆ. ಎಂಬತ್ತರ ದಶಕ ಮುಗಿಯುತ್ತಿತ್ತು. ಕೆಲಸದ ಮೇಲೆ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದವಳು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂತಿದ್ದವನು ಎದ್ದು ಬಂದು, “ಪೀಣ್ಯದ ಮೇಡಂ ಅಲ್ವಾ?” ಎಂದ. ಕೂದಲು ಅರ್ಧ ಬೆಳ್ಳಗಾಗಿತ್ತು. ಎರಡು ಕೈಯ ಬೆರಳುಗಳೂ ಒಳಕ್ಕೆ ಮಡಚಿಕೊಂಡು ಅಂಟಿಹೋಗಿದ್ದವು. ಮನೆಮಂದಿಯ ವಿಷಯ ಮಾತಾಡಿದೆವು. ಮೂರ್ತಿ ಸಾರ್ ತೀರಿಕೊಂಡರೆಂದು ಹೇಳಿದೆ.

“ಒಳ್ಳೇ ಮನ್ಸ. ಅವತ್ತು ಏನೋ ಏಳಾಕೆ ಬಂದಿದ್ರು,” ಎಂದ.

ಇನ್ನು ಹೇಳಿದರೆ ಅವನಿಗೆ ನಷ್ಟವೇನಿಲ್ಲ ಎಂದುಕೊಂಡೆ. ಎಲ್ಲವನ್ನೂ ಹೇಳಿದೆ. ಯಂತ್ರ ಹೆಚ್ಚು ಎಳೆಯುತ್ತಿದ್ದದ್ದು, ಸಾರ್ ಅದಕ್ಕಾಗಿ ಬಡಿದಾಡಿದ್ದು, ಪರೀಕ್ಷೆಗೆ ಬೇರೆ ಯಂತ್ರ ಇಟ್ಟದ್ದು. “ನೀವು ದಪ್ಪ ತಂತಿ ಹಾಕೋ ಹಾಗೆ ಮಾಡಿದ್ದೇ ಆ ಯಂತ್ರಗಳು ಮುನಿರಾಜಣ್ಣ. ತಪ್ಪು ನಿಮ್ಮದೊಬ್ಬರದೇ ಅಲ್ಲ,” ಎಂದೆ.

ಅವನ ಮುಖ ಹಗುರಾಗುತ್ತದೆ ಎಂದುಕೊಂಡಿದ್ದೆ. ಅದು ಬಿಗಿಯಿತು.

“ಈಗ್ಯಾಕ್ ಏಳ್ತೀರಾ ಮೇಡಂ?” ಎಂದ. “ಇಷ್ಟ್ ವರ್ಷ ನಂದೇ ತಪ್ಪು, ಅದಕ್ಕೇ ನಂಗಿಂಗಾಯ್ತು ಅಂತ ಮನಸ್ಸಿಗೆ ಸಮಾಧಾನ ಏಳ್ಕೊಂಡು ಬದುಕಿದೀನಿ. ತಪ್ಪು ನಂದಲ್ಲ ಅಂದ್ರೆ, ಈ ಕೈ ನಾನೇನಂತ ನೋಡ್ಕಳ್ಳಿ?”

ದೂರದಲ್ಲಿ ಬಸ್ಸು ಕಂಡಿತು.

“ನಿಮ್ ಬಸ್ಸು ಬಂತು,” ಎಂದು ಅವನೇ ರಸ್ತೆಯ ಅಂಚಿಗೆ ಹೋಗಿ, ನಿಲ್ಲಿಸಲೆಂದು ಕೈ ಎತ್ತಿದ. ಬೆರಳು ಬಿಚ್ಚದ ಆ ಕೈ ಯಾರನ್ನೋ ಬೈಯಲು ಎತ್ತಿದ ಮುಷ್ಟಿಯಂತೆ ಕಾಣುತ್ತಿತ್ತು. ಡ್ರೈವರು ಅವನ ಕಡೆ ಒಮ್ಮೆ ದುರುಗುಟ್ಟಿ ನೋಡಿ, ನಿಲ್ಲಿಸದೆ ಹೋದ. ಮುನಿರಾಜು ಕೈ ಇಳಿಸಿ, ವಾಪಸು ಬಂದು ನನ್ನ ಪಕ್ಕದಲ್ಲಿ ನಿಂತ. ನಾವಿಬ್ಬರೂ ಮುಂದಿನ ಬಸ್ಸಿಗೆ ಕಾದೆವು.